ಗಾಳಿಚೀಲ ಅಂದ್ರೆ ಯಾರ್ದು, ನಮ್ದಾ ಕೋಳೀದಾ?

ಹೋದ ತಿಂಗಳು ಊರಿಗೆ ಹೋದಾಗ ಅಮ್ಮ ನಾಟಿ ಕೋಳಿ ಕುಯ್ಸಿದ್ರು. ಪುಕ್ಕ ತರಿದು, ಬೆಂಕೀಲಿ ಸುಟ್ಟು, ಅರಿಶಿನ ಬಳಿದು ತೊಳೆದು, ಹಿತ್ತಲಲ್ಲಿ ಈಳಿಗೆಮಣೆ ಹಾಕ್ಕೊಂಡು ಕೂತಿದ್ರು. ನನ್ ಮಗಳು ಪುಟ್ಟಿ, ಮೂರನೇ ಕ್ಲಾಸು, ಅಜ್ಜಿ ಎದುರಿಗೇ ಕುಕ್ಕರಗಾಲಲ್ಲಿ ಕೂತು ಇದೇನು ಅದೇನು ಅಂತ ಶುರು ಹಚ್ಕೊಂಡ್ಲು. ಗುಂಡಿಗೆ ಆಯ್ತು, ಲಿವರ್ ಆಯ್ತು, ಇನ್ನೂ ಚಿಪ್ಪು ಕಟ್ಟದೇ ಇರೋ ಹಳದಿ ಮೊಟ್ಟೆಗಳ ಗೊಂಚಲು ಆಯ್ತು, ಆಮೇಲೆ "ಅಜ್ಜಿ, ಇದ್ರ ಲಂಗ್ಸ್ ಎಲ್ಲಿ" ಅಂದ್ಲು.

ಲಂಗ್ಸ್ ಅಂದ್ರೆ ಏನು ಅಂತ ಅಮ್ಮಂಗೆ ನಾನು ಹೇಳ್ಬೇಕಾಯ್ತು. "ಓ ಅದಾ" ಅಂದು ಬೆನ್ನಿನ ಕಡೆ ಪಕ್ಕೆಲುಬಿನ ಸಂದಿಗೆ ಹೆಬ್ಬೆಟ್ಟು ಹಾಕಿ, ಉಗುರಲ್ಲಿ ಕೆರೆದು, ಗುಲಾಬಿ ಬಣ್ಣದ ಮೆತ್ತಗಿರೋ ಒಂದು ತುಣುಕನ್ನ ಎಬ್ಬಿಸಿ ಕೊಟ್ರು. "ಇದು ಯಾವ್ದಕ್ಕೂ ಆಗಕ್ಕಿಲ್ಲ ಕಣವ್ವ, ಕೆರೆದು ಬಿಸಾಕದೇಯ" ಅಂತ ಸೇರಿಸಿದ್ರು.

ನಾನು ಕೈಗೆ ತಗೊಂಡು ನೋಡ್ದೆ. ಇಷ್ಟು ವರ್ಷ ಕೋಳಿ ತಿಂದಿದೀನಿ, ಇದನ್ನ ಸರಿಯಾಗಿ ನೋಡಿರ್ಲಿಲ್ಲ. ನನ್ ಹೆಬ್ಬೆಟ್ಟಿಗಿಂತ ಅಂಥಾ ದೊಡ್ಡದೇನಲ್ಲ, ಸ್ಪಂಜಿನ ಹಾಗಿದೆ, ಒಂದು ಮೈ ನುಣ್ಣಗಿದೆ, ಇನ್ನೊಂದು ಮೈಮೇಲೆ ಪಕ್ಕೆಲುಬುಗಳ ಅಚ್ಚು ಬಿದ್ದು ಆಳವಾದ ಗೀರುಗಳಿವೆ, ಅಂದ್ರೆ ಅದು ಮೂಳೆಗಳ ನಡುವೆ ತುರುಕಿ ಕೂರಿಸಿದಂಗೆ ಗಟ್ಟಿಯಾಗಿ ಅಂಟ್ಕೊಂಡಿತ್ತು. ಮಟನ್ ಅಂಗಡೀಲಿ ಕುರಿ ಶ್ವಾಸಕೋಶ ನೋಡಿರ್ತೀರ, ಎರಡು ಕೈ ತುಂಬಾ ಬರುತ್ತೆ. ಇದು ನೋಡಿದ್ರೆ ಇಷ್ಟೇ ಇಷ್ಟು. ಪುಟ್ಟಿ ಕೇಳಿದ್ದು ನ್ಯಾಯವಾಗೇ ಇತ್ತು: "ಇಷ್ಟು ಚಿಕ್ಕದ್ರಲ್ಲಿ ಹುಂಜ ಅಷ್ಟು ಜೋರಾಗಿ ಹೆಂಗೆ ಕೂಗುತ್ತೆ?"

ನಂಗೆ ಉತ್ತರ ಗೊತ್ತಿರ್ಲಿಲ್ಲ. ಆದ್ರೆ ಶ್ವಾಸಕೋಶದ ವಿಷಯ ಅಂದ್ರೆ ನಾನು ಸುಮ್ನೆ ಬಿಡೋ ಆಸಾಮಿ ಅಲ್ಲ, ಅದಕ್ಕೆ ಕಾರಣ ಈ ಪುಟ್ಟೀನೇ, ಮುಂದೆ ಹೇಳ್ತೀನಿ. ರಾತ್ರಿ ಎಲ್ಲಾ ಮಲಗಿದ ಮೇಲೆ ಫೋನ್ ಹಿಡ್ಕೊಂಡು ಕೂತೋನು ಎರಡು ಗಂಟೆ ತನಕ ಓದಿದೆ.

ಮೊದಲು ಒಂದು ತಕರಾರು. ನಮ್ ಮೇಷ್ಟ್ರು ಮನುಷ್ಯನ ಶ್ವಾಸಕೋಶದ ಒಳಗಿರೋ ಪುಟಾಣಿ ಗುಳ್ಳೆಗಳಿಗೂ ಗಾಳಿಚೀಲ ಅಂದಿದ್ರು, ಹಕ್ಕಿ ಹೊಟ್ಟೆ ಒಳಗಿರೋದಕ್ಕೂ ಗಾಳಿಚೀಲ ಅಂದಿದ್ರು, ನಾನೂ ಎರಡೂ ಒಂದೇ ಅನ್ಕೊಂಡು ಪರೀಕ್ಷೆ ಬರೆದು ಪಾಸೂ ಆಗಿದ್ದೆ. ಅವೆರಡೂ ಪೂರ್ತಿ ಉಲ್ಟಾ ಕೆಲಸ ಮಾಡೋ ವಸ್ತುಗಳು. ನಮ್ಮ ಗಾಳಿಚೀಲದಲ್ಲೇ ರಕ್ತಕ್ಕೆ ಆಕ್ಸಿಜನ್ ಸೇರೋದು. ಹಕ್ಕೀದ್ರಲ್ಲಿ ಆ ಕೆಲಸ ಹೆಚ್ಚುಕಮ್ಮಿ ನಡೆಯೋದೇ ಇಲ್ಲ, ಅದು ಬರೀ ಗಾಳಿ ತಳ್ಳೋ ತಿದಿ. ಕಮ್ಮಾರನ ಕುಲುಮೇಲಿ ಬೆಂಕಿ ಇರೋದು ಕೆಂಡದ ಹತ್ರ, ತಿದಿ ಒಳಗೆ ಬೆಂಕಿ ಇರಲ್ಲವಲ್ಲ, ಹಾಗೆ. ಒಂದು ಕುಲುಮೆ, ಇನ್ನೊಂದು ತಿದಿ, ಹೆಸರು ಮಾತ್ರ ಒಂದೇ. ಹಿಂಗಾದ್ರೆ ಮಕ್ಕಳಿಗೆ ಹೆಂಗೆ ಅರ್ಥ ಆಗ್ಬೇಕು ಹೇಳಿ.

ನಮ್ದನ್ನ ಮೊದಲು ನೋಡೋಣ. ಶ್ವಾಸನಾಳ ಎರಡಾಗಿ, ಅವೆರಡು ನಾಲ್ಕಾಗಿ, ಹಿಂಗೇ ಸುಮಾರು 23 ಸಲ ಕವಲೊಡೆದು ಕೊನೇಲಿ ಗುಳ್ಳೆಗಳಲ್ಲಿ ಮುಗಿಯುತ್ತೆ. ಎಲ್ಲರೂ ಇದಕ್ಕೆ ದ್ರಾಕ್ಷಿ ಗೊಂಚಲು ಅಂತಾರೆ, ನಂಗ್ಯಾಕೋ ಅದು ಸರಿ ಅನ್ನಿಸಲ್ಲ. ದ್ರಾಕ್ಷಿ ಹಣ್ಣು ಒಂದೊಂದೂ ಬೇರೆ ಬೇರೆ ಇರುತ್ತೆ. ಇದು ಹುದುಗು ಬಂದ ದೋಸೆ ಹಿಟ್ಟಿನ ನೊರೆ ಥರ, ಒಂದು ಗುಳ್ಳೆಯ ಗೋಡೆಯೇ ಪಕ್ಕದ ಗುಳ್ಳೆಗೂ ಗೋಡೆ. ಒಂದೊಂದು ಗುಳ್ಳೆ ಅಡ್ಡಳತೇಲಿ 0.2 ಮಿಲಿಮೀಟರ್ ಆಸುಪಾಸು. ಒಬ್ಬ ಮನುಷ್ಯನಲ್ಲಿ ಸರಾಸರಿ 48 ಕೋಟಿ ಇರುತ್ವೆ ಅಂತ ಲೆಕ್ಕ ಹಾಕಿದಾರೆ, ಜನದಿಂದ ಜನಕ್ಕೆ ತುಂಬಾ ಹೆಚ್ಚುಕಮ್ಮಿ ಆಗುತ್ತೆ ಬಿಡಿ. ಎಲ್ಲಾ ಗೋಡೆ ಬಿಚ್ಚಿ ನೆಲಕ್ಕೆ ಹಾಸಿದ್ರೆ ಸುಮಾರು 70 ಚದರ ಮೀಟರ್, ಬೆಂಗಳೂರು ಭಾಷೇಲಿ ಹೇಳ್ಬೇಕಂದ್ರೆ ಟ್ವೆಂಟಿ ಥರ್ಟಿ ಸೈಟಿಗಿಂತ ಜಾಸ್ತಿ. ಎದೆಗೂಡಲ್ಲಿ ಅಷ್ಟು ಜಾಗ ಮಡಚಿ ಇಟ್ಕೊಂಡು ಓಡಾಡ್ತಾ ಇದೀವಿ, ರಿಜಿಸ್ಟ್ರೇಷನ್ ಖರ್ಚಿಲ್ಲದೆ.

ನಮ್ ತಾತನ ಕಥೆ ನಂಗೆ ಅರ್ಥ ಆಗಿದ್ದೂ ಇದು ಗೊತ್ತಾದ ಮೇಲೇನೆ. ತಾತ ಬೀಡಿ ಸೇದಿ ಸೇದಿ ಕೊನೇಗೆ ಜಗಲಿ ಮೇಲೆ ಮಂಡಿ ಹಿಡ್ಕೊಂಡು, ತುಟಿ ಚೂಪು ಮಾಡಿ ಉಸಿರು ಬಿಡ್ತಾ ಕೂರೋರು, ಮನೇಲಿ ಎಲ್ಲಾ ದಮ್ಮು ಅನ್ನೋರು. ಎದೆ ಮಾತ್ರ ಪೀಪಾಯಿ ಥರ ಉಬ್ಬಿತ್ತು, ಗಾಳಿ ತುಂಬಾ ಇದೆಯಲ್ಲ ಮತ್ಯಾಕೆ ಕಷ್ಟ ಅಂತ ಚಿಕ್ಕೋನಿದ್ದಾಗ ಯೋಚ್ನೆ ಮಾಡ್ತಿದ್ದೆ. ಹೊಗೆಗೆ ಗುಳ್ಳೆ ಗುಳ್ಳೆ ನಡುವಿನ ಗೋಡೆ ಬಿದ್ದು ಹೋಗುತ್ತೆ, ಹತ್ತು ಸಣ್ಣ ರೂಮು ಒಡೆದು ಒಂದು ಹಾಲ್ ಮಾಡಿದಂಗೆ. ಜಾಗ ಅಷ್ಟೇ ಇರುತ್ತೆ, ಆದ್ರೆ ಕೆಲಸ ಮಾಡ್ತಿದ್ದಿದ್ದು ಗೋಡೆ, ಅದೇ ಇಲ್ಲ. ಬಿದ್ದ ಗೋಡೆ ಮತ್ತೆ ಎದ್ದು ನಿಲ್ಲಲ್ಲ.

ಈಗ ಪುಟ್ಟಿ ವಿಷಯ.

ಅವಳು ಹುಟ್ಟಿದ್ದು 31 ವಾರಕ್ಕೆ. ತೂಕ 1.4 ಕೆಜಿ. ಹಿಂದಿನ ದಿನ ಡಾಕ್ಟ್ರು ನನ್ ಹೆಂಡ್ತಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿ "ಮಗೂ ಲಂಗ್ಸ್ ಬೇಗ ಬಲೀಲಿ ಅಂತ" ಅಂದಿದ್ರು, ನಾನು ತಲೆ ಆಡಿಸಿದ್ದೆ ಅಷ್ಟೇ, ಏನೂ ತಲೆಗೆ ಹೋಗಿರ್ಲಿಲ್ಲ. ಹುಟ್ಟಿ ಸ್ವಲ್ಪ ಹೊತ್ತಿಗೆ ಎನ್‌ಐಸಿಯು (ಎಳೇ ಕೂಸುಗಳ ಐಸಿಯು) ಒಳಗೆ ಕರೆದು ತೋರ್ಸಿದ್ರು. ನಂಗೆ ಇವತ್ತಿಗೂ ಕಿವೀಲಿರೋದು ಎರಡು ಸದ್ದು. ಒಂದು, ಪ್ರತಿ ಸಲ ಉಸಿರು ಬಿಡುವಾಗ್ಲೂ ಅವಳು ಮಾಡ್ತಿದ್ದ "ಹ್ಞೂಂ... ಹ್ಞೂಂ..." ಅನ್ನೋ ನರಳಾಟ, ಬೆಕ್ಕಿನ ಮರಿ ಥರ. ಇನ್ನೊಂದು ಪಕ್ಕದ ಬಾಟ್ಲಿ ನೀರಲ್ಲಿ ಟ್ಯೂಬ್ ಮುಳುಗ್ಸಿ ಇಟ್ಟಿದ್ರಲ್ಲ, ಅದರ ಗುಳುಗುಳು. ಉಸಿರು ಎಳ್ಕೊಂಡಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗ್ತಿತ್ತು, ಕಾಗದದ ಥರ. ನರ್ಸಮ್ಮ ಹೇಳಿದ್ರು, ಆ ನರಳಾಟ ನೋವಿಗಲ್ಲ ಸರ್, ಗಂಟಲು ಅರ್ಧ ಮುಚ್ಕೊಂಡು ಗಾಳಿ ಪೂರ್ತಿ ಆಚೆ ಹೋಗದಂಗೆ ತಡೀತಾ ಇದೆ ಮಗು, ಗುಳ್ಳೆಗಳು ಮುಚ್ಚಿ ಹೋಗ್ಬಾರ್ದು ಅಂತ. ಯಾರೂ ಹೇಳ್ಕೊಟ್ಟಿಲ್ಲ, ಹುಟ್ಟಿ ಅರ್ಧ ಗಂಟೆ ಆಗಿರೋ ಮಗು ಅದು.

ಗುಳ್ಳೆ ಯಾಕೆ ಮುಚ್ಚಿ ಹೋಗುತ್ತೆ ಅಂದ್ರೆ, ಒಳಗಡೆ ತೇವ ಇದೆಯಲ್ಲ, ನೀರಿನ ಪದರ ತನ್ನನ್ನ ತಾನೇ ಎಳ್ಕೊಂಡು ಸಣ್ಣದಾಗೋಕೆ ನೋಡುತ್ತೆ, ಸರ್ಫೇಸ್ ಟೆನ್ಷನ್ ಅಂತ ಓದಿದ್ವಲ್ಲ ಅದೇ. ಒಂದು ಸ್ಟ್ರಾದ ಆ ತುದೀಲಿ ಸಣ್ಣ ಸೋಪಿನ ಗುಳ್ಳೆ ಈ ತುದೀಲಿ ದೊಡ್ಡ ಗುಳ್ಳೆ ಇದ್ರೆ ಎರಡೂ ಸಮ ಆಗುತ್ವೆ ಅನ್ಕೋತೀವಿ, ಆಗಲ್ಲ, ಸಣ್ಣದು ಕುಗ್ಗಿ ತನ್ನ ಗಾಳಿ ಎಲ್ಲಾ ದೊಡ್ಡದಕ್ಕೆ ಕೊಟ್ಟು ಮಾಯ ಆಗುತ್ತೆ. ಹಂಗೇ ಬಿಟ್ರೆ ನಮ್ಮ ಶ್ವಾಸಕೋಶದ ಸಣ್ಣ ಗುಳ್ಳೆಗಳ ಗತೀನೂ ಅದೇ. ಅದನ್ನ ತಡೆಯೋಕೆ ಗುಳ್ಳೆ ಗೋಡೇಲಿರೋ ಕೆಲವು ಜೀವಕೋಶಗಳು ಒಂಥರಾ ಜಿಡ್ಡು ಬಿಡ್ತವೆ, ಸರ್ಫ್ಯಾಕ್ಟೆಂಟ್ ಅಂತಾರೆ. ಹೊಟ್ಟೆ ಒಳಗಿರೋ ಮಗೂಗೆ 24 ವಾರದ ಸುಮಾರಿಗೆ ಅದು ತಯಾರಾಗೋಕೆ ಶುರುವಾಗಿ, ಸಾಕಷ್ಟು ಆಗೋದು 35 ವಾರದ ಹೊತ್ತಿಗೆ. ಪುಟ್ಟಿ 31ಕ್ಕೇ ಬಂದ್ಲು.

1929ರಲ್ಲಿ ಕರ್ಟ್ ಫಾನ್ ನೀರ್‌ಗಾರ್ಡ್ ಅನ್ನೋರು ಶ್ವಾಸಕೋಶಕ್ಕೆ ಗಾಳಿ ತುಂಬೋದಕ್ಕಿಂತ ದ್ರವ ತುಂಬೋದು ಸುಲಭ ಅಂತ ತೋರ್ಸಿ ಈ ಎಳೆತದ ವಿಷಯ ಹೇಳಿದ್ರಂತೆ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ಅನ್ನೋರು, ದಿನ ತುಂಬದೆ ಹುಟ್ಟಿ ಉಸಿರು ಕಟ್ಟಿ ಸತ್ತ ಮಕ್ಕಳ ಶ್ವಾಸಕೋಶದಲ್ಲಿ ಈ ಜಿಡ್ಡು ಇಲ್ಲ ಅಂತ ಕಂಡುಹಿಡಿದ್ರು. ಕಾರಣ ಗೊತ್ತಾಯ್ತು, ಔಷಧಿ ಇರ್ಲಿಲ್ಲ. 1963ರ ಆಗಸ್ಟಲ್ಲಿ ಅಮೆರಿಕದ ಪ್ರೆಸಿಡೆಂಟ್ ಜಾನ್ ಕೆನಡಿಗೆ ಗಂಡು ಮಗು ಆಯ್ತು, ಪ್ಯಾಟ್ರಿಕ್ ಅಂತ, ಐದೂವರೆ ವಾರ ಮುಂಚೆ ಹುಟ್ಟಿದ್ದು, ತೂಕ 2 ಕೆಜಿ ಮೇಲೇ ಇತ್ತು. 39 ಗಂಟೆ ಬದುಕಿತ್ತು. ಅವತ್ತು ಪ್ರಪಂಚದಲ್ಲಿ ಅತಿ ದೊಡ್ಡ ಕುರ್ಚೀಲಿ ಕೂತಿದ್ದೋನಿಗೆ ಸಿಗದೇ ಇದ್ದಿದ್ದು, ಅರ್ಧ ಶತಮಾನದ ಮೇಲೆ ಇಎಂಐ ಕಟ್ಕೊಂಡು ಬದುಕೋ ನನಗೆ ಸಿಕ್ತು. ಇದನ್ನ ನೆನೆಸ್ಕೊಂಡಾಗೆಲ್ಲ ಎದೆ ಒಂಥರಾ ಆಗುತ್ತೆ.

ಮಧ್ಯದಲ್ಲಿ ಆಗಿದ್ದಿಷ್ಟು. ನ್ಯೂಜಿಲೆಂಡಲ್ಲಿ ಲಿಗಿನ್ಸ್ ಅನ್ನೋ ಡಾಕ್ಟ್ರು ಗಬ್ಬದ ಕುರಿಗಳ ಮೇಲೆ ಬೇರೇನೋ ಪರೀಕ್ಷೆ ಮಾಡ್ತಿದ್ರು, ಸ್ಟೀರಾಯ್ಡ್ ಕೊಟ್ಟಿದ್ದ, ತೀರಾ ಮುಂಚೆ ಹುಟ್ಟಿದ ಮರಿಗಳ ಶ್ವಾಸಕೋಶದಲ್ಲಿ ಗಾಳಿ ತುಂಬಿರೋದು ಕಂಡು ಆಶ್ಚರ್ಯ ಆಯ್ತು ಅವರಿಗೆ. ಅದೇ ಎಳೆ ಹಿಡಿದು ಅವರು ಮತ್ತೆ ಹೋವಿ ಅನ್ನೋರು 1972ರಲ್ಲಿ ಗರ್ಭಿಣಿಯರಿಗೆ ಆ ಇಂಜೆಕ್ಷನ್ ಕೊಟ್ಟು ನೋಡಿದ ಫಲಿತಾಂಶ ಬಂತು. 1980ರಲ್ಲಿ ಜಪಾನಿನ ಫುಜಿವಾರ ತಂಡ ಹಸುವಿನ ಶ್ವಾಸಕೋಶದಿಂದ ತೆಗೆದ ಜಿಡ್ಡನ್ನ 10 ಮಕ್ಕಳ ಶ್ವಾಸನಾಳಕ್ಕೆ ಹಾಕಿ ಅದು ಕೆಲಸ ಮಾಡುತ್ತೆ ಅಂತ ತೋರ್ಸಿತು. ಈಗ ಹಸೂದು, ಹಂದೀದು ಎರಡೂ ಬರುತ್ತೆ. ಪುಟ್ಟಿಗೆ ಹಾಕಿದ್ದು ಪುಟಾಣಿ ಬಾಟ್ಲಿ, ಒಳಗೆ ಗಟ್ಟಿ ಹಾಲಿನ ಥರ ಬೆಳ್ಳಗಿರೋ ದ್ರವ, ಡಾಕ್ಟ್ರು ಅದನ್ನ ಕೈಯಲ್ಲೇ ಬಿಸಿ ಮಾಡ್ಕೊಂಡ್ರು, ಅಲ್ಲಾಡಿಸದೇ ಮೆಲ್ಲಗೆ ಉರುಳಿಸ್ತಾ. ಬಿಲ್ಲಲ್ಲಿ ಅದರ ರೇಟ್ ನೋಡಿ ಕಣ್ಣು ಮಂಜಾಯ್ತು, ಆದ್ರೆ ಸಾಯಂಕಾಲದ ಹೊತ್ತಿಗೆ ಆ ಹ್ಞೂಂ ಹ್ಞೂಂ ನಿಂತಿತ್ತು. ಅದು ಹಂದೀದು. ನಮ್ಮತ್ತೆ ಮನೇಲಿ ಮೊಟ್ಟೆ ಸಹ ಒಳಗೆ ಬರಲ್ಲ, ಮೊಮ್ಮಗಳ ಮೊದಲ ಊಟ ಯಾವ ಪ್ರಾಣೀದು ಅಂತ ನಾವಿಬ್ರೂ ಇವತ್ತಿನ ತನಕ ಬಾಯಿ ಬಿಟ್ಟಿಲ್ಲ. (ಅತ್ತೆ ಬ್ಲಾಗ್ ಓದಲ್ಲ, ಓದೋ ನೆಂಟರು ದಯವಿಟ್ಟು ಸುಮ್ನಿರಿ.)

ಸರಿ, ಕೋಳಿಗೆ ಬರೋಣ.

ಹಕ್ಕಿ ಶ್ವಾಸಕೋಶ ಹಿಗ್ಗೋದೂ ಇಲ್ಲ ಕುಗ್ಗೋದೂ ಇಲ್ಲ ಅಂದ್ರೂ ನಡೆಯುತ್ತೆ, ಅದಕ್ಕೇ ಪಕ್ಕೆಲುಬಿಗೆ ಅಂಟ್ಕೊಂಡು ಗಟ್ಟಿಯಾಗಿ ಕೂತಿರೋದು. ಗಾಳಿ ಎಳೆಯೋದು ದೂಡೋದು ಎಲ್ಲಾ ಗಾಳಿಚೀಲಗಳ ಪಾಲು. ಸಾಮಾನ್ಯವಾಗಿ 9 ಇರುತ್ವೆ, ಕತ್ತಿನ ಹತ್ರ ಎರಡು, ರೆಕ್ಕೆ ಬುಡಗಳ ಮಧ್ಯೆ ಒಂದು, ಎದೇಲಿ ಮುಂದೆ ಎರಡು ಹಿಂದೆ ಎರಡು, ಹೊಟ್ಟೇಲಿ ಎರಡು. ಗೋಡೆ ಎಷ್ಟು ತೆಳು ಅಂದ್ರೆ ಹೊಟ್ಟೆ ಸೀಳಿದ ತಕ್ಷಣ ಹರಿದು ಒಳಗೆಲ್ಲೋ ಅಂಟ್ಕೊಳುತ್ತೆ, ಅಮ್ಮಂಗೆ ಇಷ್ಟು ವರ್ಷದಲ್ಲಿ ಅದು ಒಂದು ಅಂಗ ಅಂತಾನೇ ಅನ್ನಿಸಿಲ್ಲ, "ಪೊರೆ" ಅಂತಾರೆ ಅಷ್ಟೇ. ರಕ್ತನಾಳಗಳೂ ಕಮ್ಮಿ ಅದರಲ್ಲಿ.

ಗಾಳಿ ಹೋಗೋ ದಾರಿ ಕೇಳಿ, ಇದೇ ಮಜಾ ಇರೋದು. ಹಕ್ಕಿ ಒಂದು ಸಲ ಉಸಿರು ಎಳ್ಕೊಂಡಾಗ ಹೊಸ ಗಾಳಿ ಹೆಚ್ಚಿನಂಶ ಶ್ವಾಸಕೋಶ ದಾಟ್ಕೊಂಡು ಹಿಂದಿನ ಚೀಲಗಳಿಗೆ ಹೋಗಿ ಕೂರುತ್ತೆ. ಉಸಿರು ಬಿಟ್ಟಾಗ ಆ ಗಾಳಿ ಹಿಂದಿನ ಚೀಲಗಳಿಂದ ಶ್ವಾಸಕೋಶದ ಸಣ್ಣ ಕೊಳವೆಗಳೊಳಗೆ ಬರುತ್ತೆ. ಎರಡನೇ ಸಲ ಎಳ್ಕೊಂಡಾಗ ಶ್ವಾಸಕೋಶದಿಂದ ಮುಂದಿನ ಚೀಲಗಳಿಗೆ. ಎರಡನೇ ಸಲ ಬಿಟ್ಟಾಗ ಅಲ್ಲಿಂದ ಆಚೆಗೆ. ಒಂದು ಉಸಿರಿನ ಗಾಳಿ ಆಚೆ ಬರೋಕೆ ಎರಡು ಉಸಿರು ಬೇಕು, ಆದ್ರೆ ಎಳ್ಕೊಂಡಾಗ್ಲೂ ಬಿಟ್ಟಾಗ್ಲೂ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರೀತಾ ಇರುತ್ತೆ, ನಿಲ್ಲೋದೇ ಇಲ್ಲ. ಹಾರ್ಮೋನಿಯಂ ನೋಡಿ, ತಿದಿ ಒತ್ತೋನು ಬಿಟ್ಟು ಬಿಟ್ಟು ಒತ್ತುತಾನೆ, ಸ್ವರ ಮಾತ್ರ ಎಲ್ಲೂ ಕಡಿಯಲ್ಲ, ಯಾಕಂದ್ರೆ ಒಳಗೆ ಇನ್ನೊಂದು ತಿದಿ ಗಾಳಿ ಹಿಡಿದಿಟ್ಟು ಬಿಡ್ತಾ ಇರುತ್ತೆ.

ನಮ್ದು ಊರ ಸಣ್ಣ ಗುಡಿ ಥರ, ಇರೋದು ಒಂದೇ ಬಾಗ್ಲು, ಜಾತ್ರೆ ದಿನ ಒಳಗೆ ಹೋಗೋರೂ ಅದ್ರಲ್ಲೇ ಬರೋರೂ ಅದ್ರಲ್ಲೇ, ನೂಕುನುಗ್ಗಲು. ಒಂದು ಸಾಧಾರಣ ಉಸಿರಲ್ಲಿ ನಾವು ಎಳ್ಕೊಳ್ಳೋದು ಅರ್ಧ ಲೀಟರ್, ಅದ್ರಲ್ಲಿ 150 ಎಂಎಲ್ ದಾರಿ ಕೊಳವೆಗಳಲ್ಲೇ ಉಳಿಯುತ್ತೆ, ಒಳಗೆ ಹೋಗಿ ಸೇರೋ ಬಾಕಿ ಗಾಳಿ ಅಲ್ಲಿ ಆಗ್ಲೇ ಇರೋ ಎರಡು ಲೀಟರ್‌ಗೂ ಜಾಸ್ತಿ ಹಳೇ ಗಾಳಿ ಜೊತೆ ಬೆರೆಯುತ್ತೆ. ಡ್ರಮ್ಮಿನ ಹಳೇ ನೀರಿಗೆ ಒಂದು ಚೊಂಬು ಹೊಸ ನೀರು. ಹಕ್ಕೀದು ದೊಡ್ಡ ದೇವಸ್ಥಾನದ ದರ್ಶನದ ಸಾಲು, ಈ ಕಡೆಯಿಂದ ಬಂದ್ರೆ ಗರ್ಭಗುಡಿ ಮುಂದೆ ಹಾದು ಆ ಕಡೆಯಿಂದ ಆಚೆ.

ಇದನ್ನ ಕ್ನುಟ್ ಶ್ಮಿಟ್-ನೀಲ್ಸನ್ ಅನ್ನೋ ವಿಜ್ಞಾನಿ, ಅವರ ಜೊತೆಯೋರು 1960-70ರ ದಶಕಗಳಲ್ಲಿ ಆಸ್ಟ್ರಿಚ್, ಬಾತುಗಳ ಮೇಲೆ ಕೆಲಸ ಮಾಡಿ ಬಿಡಿಸಿದ್ದು. ನಂಗೆ ತುಂಬಾ ಇಷ್ಟ ಆಗಿದ್ದು ಇನ್ನೊಂದು ವಿಷಯ, ಇಷ್ಟೆಲ್ಲಾ ಒನ್ ವೇ ಟ್ರಾಫಿಕ್ ಇದ್ರೂ ಒಳಗೆ ಒಂದೇ ಒಂದು ವಾಲ್ವ್ ಇಲ್ಲ. ಗುಂಡಿಗೇಲಿ ಇರೋ ಥರದ ಕವಾಟ ಎಲ್ಲೂ ಇಲ್ಲ. ಕೊಳವೆಗಳು ಕವಲೊಡೆಯೋ ಕೋನ, ಅಗಲ, ಗಾಳಿ ಹರಿಯೋ ವೇಗ, ಇದ್ರಲ್ಲೇ ಗಾಳಿ ತನ್ನ ದಾರಿ ಹಿಡಿಯುತ್ತೆ. ಬೆಂಗಳೂರಲ್ಲಿ ಟ್ರಾಫಿಕ್ ಪೊಲೀಸ್, ಸಿಗ್ನಲ್, ಹಂಪ್ ಎಲ್ಲಾ ಹಾಕಿದ್ರೂ ಒನ್ ವೇಲಿ ಎದುರಿಗೆ ಸ್ಕೂಟರ್ ಬರುತ್ತೆ!

ಚೀಲಗಳು ಮೂಳೆ ಒಳಕ್ಕೂ ನುಗ್ಗಿರ್ತವೆ. ಬಲಿತ ನಾಟಿ ಕೋಳಿ ತಿನ್ನುವಾಗ ನೀವೇ ನೋಡ್ಬಹುದು, ಕಾಲಿನ ಮೂಳೆ ಕಡಿದು ಚೀಪಿದ್ರೆ ಒಳಗೆ ಕೆಂಪು ಮಜ್ಜೆ ಸಿಗುತ್ತೆ, ರೆಕ್ಕೆ ಬುಡದ ಮೊದಲನೇ ಮೂಳೆ ಮುರಿದ್ರೆ ಖಾಲಿ ಕೊಳವೆ. ಅವತ್ತು ಮಧ್ಯಾಹ್ನ ಮುದ್ದೆ ಮುಂದೆ ಕೂತು ನಾನೂ ಪುಟ್ಟೀನೂ ಎರಡನ್ನೂ ಮುರಿದು ಪಕ್ಕಪಕ್ಕ ಇಟ್ಟು ನೋಡಿದ್ವಿ, ಊಟ ಮಾಡೋ ಹೊತ್ತಲ್ಲಿ ಇದೇನು ಆಟ ಅಂತ ಅಮ್ಮ ಬೈದ್ರು. ಆಗ ಯಾಕೆ ಖಾಲಿ ಅಂತ ಗೊತ್ತಾಗಿರ್ಲಿಲ್ಲ, ಗೊತ್ತಾಗಿದ್ದು ರಾತ್ರಿ ಓದಿದಾಗ. ಲಂಡನ್ನಿನ ಜಾನ್ ಹಂಟರ್ ಅನ್ನೋ ಸರ್ಜನ್ 18ನೇ ಶತಮಾನದಲ್ಲೇ ಹಕ್ಕಿಯ ಶ್ವಾಸನಾಳ ಕಟ್ಟಿ, ರೆಕ್ಕೆ ಮೂಳೆ ತುಂಡು ಮಾಡಿ, ಆ ಮೂಳೆ ತೂತಿಂದಾನೇ ಅದು ಉಸಿರಾಡೋದನ್ನ ತೋರ್ಸಿದ್ರು. ಕ್ರೂರ ಕೆಲಸ, ಆದ್ರೆ ವಿಷಯ ಗೊತ್ತಾಗಿದ್ದು ಹಂಗೆ.

ಪುಟ್ಟಿ ಪ್ರಶ್ನೆಗೆ ಉತ್ತರಾನೂ ಇಲ್ಲೇ ಸಿಕ್ತು. ಹುಂಜದ ಧ್ವನಿಪೆಟ್ಟಿಗೆ ನಮ್ಮಂಗೆ ಗಂಟಲಲ್ಲಿಲ್ಲ, ಶ್ವಾಸನಾಳ ಎರಡಾಗೋ ಜಾಗದಲ್ಲಿದೆ, ಅದರ ಸುತ್ತ ರೆಕ್ಕೆ ಬುಡಗಳ ಮಧ್ಯೆ ಇರೋ ಆ ಒಂಟಿ ಗಾಳಿಚೀಲ ಇದೆ. ಚೀಲ ಒತ್ತಡ ಕೊಟ್ರೇನೇ ಕೂಗು. ಆ ಚೀಲಕ್ಕೆ ತೂತು ಬಿದ್ರೆ ಉಸಿರಿದ್ರೂ ಧ್ವನಿ ಇರಲ್ಲ. ಅಂದ್ರೆ ಕೂಗೋದು ಆ ಹೆಬ್ಬೆಟ್ಟಿನಷ್ಟು ಶ್ವಾಸಕೋಶ ಅಲ್ಲ, ಮೈ ತುಂಬಾ ತುಂಬ್ಕೊಂಡಿರೋ ತಿದಿಗಳು.

ಇದರಿಂದ ಹಕ್ಕಿಗೆ ಏನು ಲಾಭ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದು ಮಾಗಡಿ ಕೆರೇಲಿ. ನಮ್ ಬೆಂಗಳೂರು ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೇದು, ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗೋ ದಾರೀಲಿ ಸಿಗುತ್ತೆ. ಹೆಂಡ್ತಿ ಊರು ಆ ಕಡೆ. ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ಹೋಗಿದ್ದಾಗ ಮಾವನವರು ಬೆಳಿಗ್ಗೆ ಬೆಳಿಗ್ಗೆ ಎಬ್ಬಿಸಿ "ಏಳ್ರಿ ಅಳಿಯಂದ್ರ, ಮಂಗೋಲಿಯಾದ ಬೀಗರು ಬಂದಾರ, ನೋಡ್ಕೊಂಡ್ ಬರೂಣು" ಅಂತ ಬೈಕಲ್ಲಿ ಕರ್ಕೊಂಡು ಹೋದ್ರು. ದಂಡೆ ಮೇಲೆ ಚಳಿ, ನೀರ ಮೇಲೆ ಬೂದಿ ಬಣ್ಣದ ಹೆಬ್ಬಾತುಗಳು ಸಾಲು ಸಾಲು, ಬಿಳೀ ತಲೆ ಹಿಂದೆ ಎರಡು ಕಪ್ಪು ಪಟ್ಟೆ ಬಳಿದಂಗೆ. ಪಟ್ಟೆತಲೆ ಹೆಬ್ಬಾತು. ಹಗಲು ಕೆರೇಲಿ ಆರಾಮ, ಕತ್ತಲಾದ್ರೆ ಸುತ್ತಲ ಹೊಲಕ್ಕೆ ಲಗ್ಗೆ. "ಬಾಡಗಿ ಇಲ್ಲ ಏನಿಲ್ಲ, ನಮ್ಮ ಶೇಂಗಾ ತಿಂದು ನಾಕು ತಿಂಗಳು ಇದ್ದು ಹೊಕ್ಕಾವ ನೋಡ್ರಿ" ಅಂತ ಮಾವನವರು ಬೈದ್ರು, ಬೈಯೋ ದನಿ ಅಲ್ಲ ಅದು, ಹೆಮ್ಮೆ. 2024ರ ಜನವರೀಲಿ ಆ ಕೆರೆ ರಾಮ್ಸಾರ್ ಪಟ್ಟೀಗೂ ಸೇರ್ತು, ಪ್ರಪಂಚದ ಮುಖ್ಯವಾದ ಕೆರೆ, ಜೌಗು ಜಾಗಗಳ ಪಟ್ಟಿ ಅದು. ನಮ್ ಕಡೇನೂ ಬರ್ತವೆ ಇವು, ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟಿದ್ದ ಹೆಬ್ಬಾತು ಮೈಸೂರು ಹತ್ರದ ಹದಿನಾರು ಕೆರೇಲಿ ಕಾಣಿಸ್ಕೊಂಡಿದೆ.

ಇಲ್ಲಿಗೆ ಬರ್ಬೇಕಂದ್ರೆ ಹಿಮಾಲಯ ದಾಟ್ಬೇಕು. ಸುಮಾರು 5,500 ಮೀಟರ್ ಎತ್ತರಕ್ಕೇ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಬರುತ್ತೆ. ಈ ಹೆಬ್ಬಾತುಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಒಂದು 7,290 ಮೀಟರ್ ತನಕ ಏರಿದ್ದು ದಾಖಲಾಗಿದೆ. ಅದೂ ಹಾರುವಾಗ, ರೆಕ್ಕೆ ಬಡೀತಾ. ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿ ಹತ್ರ ಕೂತು ಸುಧಾರಿಸ್ಕೊಳ್ಳೋನು. ಎಲ್ಲಾ ಗಾಳಿಚೀಲದ ಮಹಿಮೆ ಅಂತ ಹೇಳೋಕಾಗಲ್ಲ, ಗಾಳಿಚೀಲ ಕೋಳೀಗೂ ಇದೆ, ಕೋಳಿ ಹಿತ್ತಲ ಬೇಲಿ ಹಾರೋಕೂ ಒದ್ದಾಡುತ್ತೆ. ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಳುತ್ತೆ, ರೆಕ್ಕೆ ಸ್ನಾಯುವಲ್ಲಿ ರಕ್ತದ ಸಣ್ಣ ನಾಳಗಳು ಜಾಸ್ತಿ, ಉಸಿರೂ ಆಳ. ಬೆಳಿಗ್ಗೆ, ರಾತ್ರಿ ತಣ್ಣಗಿದ್ದು ಗಾಳಿ ಸ್ವಲ್ಪ ದಟ್ಟ ಇರೋ ಹೊತ್ತು ನೋಡಿ ಹಾರುತ್ವೆ ಬೇರೆ.

ಚೆನ್ನಾಗಿ ಉಸಿರಾಡೋದಕ್ಕೆ ಒಂದು ದಂಡಾನೂ ಇದೆ. ಒಳ್ಳೇ ಗಾಳಿ ಎಷ್ಟು ಚೆನ್ನಾಗಿ ಒಳಗೆ ಹೋಗುತ್ತೋ ವಿಷಾನೂ ಅಷ್ಟೇ ಚೆನ್ನಾಗಿ ಹೋಗುತ್ತೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಹಕ್ಕಿ ಪಂಜರ ಇಟ್ಕೊಂಡು ಇಳೀತಿದ್ರಲ್ಲ, ಜೆ.ಎಸ್. ಹಾಲ್ಡೇನ್ ಅನ್ನೋ ವಿಜ್ಞಾನಿಯ ಸಲಹೆ ಅದು, ಕಾರ್ಬನ್ ಮಾನಾಕ್ಸೈಡಿಗೆ ಹಕ್ಕಿ ಮನುಷ್ಯನಿಗಿಂತ ಮುಂಚೆ ಬೀಳುತ್ತೆ ಅಂತ, 1986ರವರೆಗೂ ನಡೀತು. ಮನೇಲಿ ಲವ್ ಬರ್ಡ್ಸ್ ಸಾಕಿರೋರು ಒಂದು ವಿಷಯ ನೆನಪಿಟ್ಕೊಳ್ಳಿ, ನಾನ್‌ಸ್ಟಿಕ್ ತವಾ ಖಾಲಿ ಬಿಟ್ಟು ವಿಪರೀತ ಕಾದ್ರೆ ಬರೋ ಹೊಗೆಗೆ ಹಕ್ಕಿ ಸಾಯುತ್ತೆ, ನಮಗೆ ವಾಸನೆ ಗೊತ್ತಾಗೋ ಮುಂಚೆ. ನಮ್ ಹಳೇ ಫ್ಲ್ಯಾಟ್ ಪಕ್ಕದ ಮನೇಲಿ ಆಗಿತ್ತು ಹಿಂಗೆ, ದೃಷ್ಟಿ ತಾಗಿದ್ದು ಅಂತ ಅವರು ಅನ್ಕೊಂಡ್ರು. ಇನ್ನೊಂದು, ಹಕ್ಕಿಗೆ ನಮ್ಮ ಥರ ಎದೆಗೂ ಹೊಟ್ಟೆಗೂ ನಡುವೆ ಉಸಿರು ಎಳೆಯೋ ವಪೆ (ಡಯಾಫ್ರಮ್) ಇಲ್ಲ, ಎದೆ ಮೂಳೆ ಏರಿಳಿದ್ರೇನೇ ಉಸಿರು. ಮಕ್ಕಳು ಪ್ರೀತಿಗೆ ಕೋಳಿಮರಿ ಎದೆ ಗಟ್ಟಿಯಾಗಿ ಹಿಡ್ಕೊಂಡ್ರೆ ಮೂಗು ಬಾಯಿ ಮುಚ್ಚದೇ ಇದ್ರೂ ಅದು ಉಸಿರು ಕಟ್ಟಿ ಹೋಗುತ್ತೆ.

ನಮ್ ಸೋದರಮಾವನ ಕೋಳಿ ಫಾರಂನಲ್ಲಿ ಚಳಿಗಾಲ ಬಂತಂದ್ರೆ ಸಿಆರ್‌ಡಿ ಅನ್ನೋ ಕೋಳಿಗಳ ಉಸಿರಾಟದ ರೋಗದ ಭಯ. ರಾತ್ರಿ ಲೈಟ್ ಆರ್ಸಿ ಶೆಡ್ಡಲ್ಲಿ ಸುಮ್ನೆ ನಿಂತ್ಕೊತಾರೆ, ಗೊರಗೊರ ಸದ್ದು ಕೇಳುತ್ತಾ ಅಂತ. ಸತ್ತ ಕೋಳಿ ಕುಯ್ದು ಮೊದಲು ನೋಡೋದು ಗಾಳಿಚೀಲಾನೇ, ಅದು ಹೊಸ ಪ್ಲಾಸ್ಟಿಕ್ ಕವರಿನಂಗೆ ಪಾರದರ್ಶಕ ಇದ್ರೆ ಸರಿ, ಮಬ್ಬಾಗಿ ಹಳದಿ ಮೊಸರಿನಂಥಾ ಗಂಟು ಕಟ್ಟಿದ್ರೆ ಮುಗೀತು. ನಾನು ಫೋನ್ ಮಾಡಿ ಗಾಳಿಚೀಲದ ಬಗ್ಗೆ ದೊಡ್ಡದಾಗಿ ವಿವರಿಸೋಕೆ ಹೋದ್ರೆ "ಅದು ನಂಗ್ ಗೊತ್ತಿಲ್ವೇನ್ಲಾ" ಅಂದ್ರು.

ಕಪ್ಪೆಗೂ ಗಾಳಿಚೀಲ ಇದೆ, ಮಳೆಗಾಲದ ರಾತ್ರಿ ಗಂಟಲು ಬಲೂನಿನಂಗೆ ಉಬ್ಬಿಸುತ್ತಲ್ಲ ಅದು. ಅದು ಕುಲುಮೇನೂ ಅಲ್ಲ ತಿದೀನೂ ಅಲ್ಲ, ಮೈಕ್ ಸೆಟ್ಟು. ಬಾಯಿ ಮೂಗು ಮುಚ್ಕೊಂಡು ಅದೇ ಗಾಳೀನ ಶ್ವಾಸಕೋಶಕ್ಕೂ ಚೀಲಕ್ಕೂ ಆಡಿಸ್ತಾ ಹೆಣ್ಣನ್ನ ಕರೀತಾ ಇರುತ್ತೆ. ಮೂರನೇ ವಸ್ತು, ಹೆಸರು ಮತ್ತೆ ಅದೇ.

ಕೊನೇದಾಗಿ ಒಂದು. ಅಮ್ಮ ಇನ್ನೊಂದು ಕೋಳೀನ ಕಾವಿಗೆ ಕೂರ್ಸಿದ್ರು, ಹಳೇ ಮಂಕರಿಗೆ ಹುಲ್ಲು ಹಾಕಿ, 11 ಮೊಟ್ಟೆ. ನಾವು ಹೊರಡೋ ದಿನಕ್ಕೆ 20 ದಿನ ಆಗಿತ್ತು. ಮೊಟ್ಟೆಯ ದಪ್ಪ ತುದೀಲಿ ಒಂದು ಖಾಲಿ ಜಾಗ ಇರುತ್ತೆ, ಬೇಯಿಸಿ ಸುಲಿದಾಗ ಆ ಕಡೆ ಚಪ್ಪಟೆ ಇರುತ್ತಲ್ಲ ಅದು. ಆ ಗಾಳಿ ಯಾತಕ್ಕೆ ಅಂದ್ರೆ, ಹಕ್ಕಿ ಶ್ವಾಸಕೋಶದ ಕೊಳವೆಗಳು ಗಟ್ಟಿ, ನಮ್ಮ ಮಕ್ಕಳ ಥರ ಹುಟ್ಟಿದ ತಕ್ಷಣ ಒಂದೇ ಸಲ ಅತ್ತು ಉಬ್ಬಿಸ್ಕೊಳ್ಳೋಕೆ ಆಗಲ್ಲ. ಅದಕ್ಕೇ ಮರಿ ಚಿಪ್ಪು ಒಡೆಯೋ ಒಂದು ದಿನ ಮುಂಚೇನೇ ಒಳಪೊರೆಗೆ ಕೊಕ್ಕು ಚುಚ್ಚಿ, ಆ ಸಣ್ಣ ಕೋಣೆಯ ಗಾಳೀಲಿ ಉಸಿರಾಡೋದು ಶುರು ಮಾಡಿ, ಮೆಲ್ಲಗೆ ಒಳಗಿನ ದ್ರವ ಖಾಲಿ ಮಾಡ್ಕೊಳುತ್ತೆ, ಆಮೇಲೆ ಆಚೆ ಬರೋದು. ಇದನ್ನ ಪುಟ್ಟಿಗೆ ಹೇಳಿದ್ದೇ ತಪ್ಪಾಯ್ತು, ಕೋಳಿ ನೀರು ಕುಡಿಯೋಕೆ ಎದ್ದಿದ್ದೇ ತಡ ಮಂಕರೀಗೆ ಕೈ ಹಾಕಿ ಒಂದು ಮೊಟ್ಟೆ ಎತ್ಕೊಂಡು ಕಿವಿ ಹತ್ರ ಇಟ್ಕೊಂಡ್ಲು. "ಎತ್ಬ್ಯಾಡ ಕಣವ್ವ, ಬಂದು ಕುಕ್ತದೆ" ಅಂತ ಅಮ್ಮ ಓಡಿ ಬಂದ್ರು. ಪುಟ್ಟಿ ಅಲ್ಲಾಡ್ಲಿಲ್ಲ, ಸುಮ್ನೆ ನನ್ ಕಡೆ ನೋಡಿ ಮೊಟ್ಟೇನ ನನ್ ಕಿವಿಗೆ ಹಿಡಿದ್ಲು. ಬಿರುಕೇ ಬಿಟ್ಟಿಲ್ಲ ಚಿಪ್ಪು. ಒಳಗಿಂದ "ಚಿಂವ್" ಅಂತು.

ಬಸ್ಸಿಗೆ ಹೊತ್ತಾಗಿತ್ತು, ಹೊರಟ್ವಿ. ಮಾರನೇ ದಿನ ರಾತ್ರಿ ಅಮ್ಮ ವಾಟ್ಸಪ್ಪಲ್ಲಿ ವಿಡಿಯೋ ಕಳಿಸಿದ್ರು. ಲೆನ್ಸ್ ಮೇಲೆ ಅಮ್ಮನ ಬೆರಳು, ಅರ್ಧ ಪರದೆ ಬರೀ ಕೆಂಪು, ಏನೂ ಕಾಣಲ್ಲ, ಸದ್ದು ಮಾತ್ರ ಇದೆ. ಒಂಬತ್ತು ಬಂದಾವಂತೆ.